ಲಂಡನ್ ರೇಡಿಯೊದಲ್ಲಿ ಅಜ್ಜಿಯ ಹಾಡು

ಅಪ್ಪನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಡಚ್ಚರ ನಾಡಿನ ಹಾರ್ಲೆಮಿನ ನಮ್ಮ ಮನೆಗೆ ಬಂದವರೆಲ್ಲ ಮೊದಲು ನನ್ನ ಕೈಕುಲುಕಿ ಅಭಿನಂದಿಸಿದರು, ಅಪ್ಪನನ್ನು ಹೆತ್ತವಳು ನಾನೇ ಏನೋ ಎಂಬಂತೆ! ಇಲ್ಲಿನ ಪದ್ಧತಿಯೇ ಹಾಗೆ. ಆಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು, ತಲೆಗೊಂದೇ ತುಂಡು ಕೇಕ್ ತಿಂದು, ಎದುರಿನವರ ಮೊಣಕಾಲು ನೋಡುತ್ತ ಕೂರುತ್ತಾರೆ. ಈ ವೃತ್ತಕ್ಕೆ ‘ಕ್ರಿಂಗ್’ ಎಂದು ಹೆಸರು. ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ಅಪ್ಪ ನನ್ನ ಕಿವಿಯಲ್ಲಿ, “ಯಾರೋ ಹೋಗ್ಬಿಟ್ಟಿರೋ ಮನೇಲಿ ಕೂತ ಹಾಗೆ ಕೂತಿದಾರಲ್ಲೇ” ಎಂದರು.

ನಾನು ಬಂದ ಹೊಸದರಲ್ಲಿ ಪಕ್ಕದ ಮನೆಯ ಹಾನ್ಸ್ ನನ್ನ ಸಾರು ಕುಡಿದು, “ಇದು ಚೆನ್ನಾಗಿಲ್ಲ” ಎಂದಿದ್ದರು. ಬಚ್ಚಲಿಗೆ ಹೋಗಿ ಅತ್ತಿದ್ದೆ. ಇಲ್ಲಿ ಅದು ಒರಟುತನವಲ್ಲ, ‘ಏರ್ಲಕ್’, ಅಂದರೆ ಪ್ರಾಮಾಣಿಕತೆ. ಆರು ವರ್ಷದಲ್ಲಿ ನಾನೂ ಅವರ ಬಟಾಣಿ ಸೂಪಿಗೆ ಮುಖಕ್ಕೆ ಹೊಡೆದ ಹಾಗೆ ಅದೇ ಮಾತು ಹೇಳುವಷ್ಟು ಪಳಗಿದೆ. ಅದು ನನ್ನ ದೊಡ್ಡ ಗೆಲುವೆಂದೇ ಬೀಗುತ್ತಿದ್ದೆ.

ಹಾನ್ಸ್‌ಗೆ ಒಂದು ಹುಚ್ಚು. ಬ್ರಿಟಿಷ್ ರೇಡಿಯೊದ ಹಳೆಯ ಸಂಗೀತ, ಚರಿತ್ರೆಯ ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತರಿಸುತ್ತಾರೆ. ನಮ್ಮ ವಂಶದ ಹೆಮ್ಮೆಯ ಕಥೆಯನ್ನು ನಾನೇ ಅವರಿಗೆ ಹೇಳಿದ್ದೆ. ಲಂಡನ್ನಿನಲ್ಲಿ ಓದುತ್ತಿದ್ದಾಗ ಅಪ್ಪ ಅಲ್ಲಿನ ರೇಡಿಯೊದಲ್ಲಿ ಅಜ್ಜಿ ಕಲಿಸಿದ ಹಸೆಗೆ ಕರೆಯುವ ಹಾಡು ಹಾಡಿ, ತಾಯಿಯ ಹೆಸರು ಹೇಳಿದ್ದರಂತೆ. ಊರಲ್ಲಿ ಅದನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಆದರೂ ಅಜ್ಜಿ ಸಾಯುವ ತನಕ, “ಲಂಡನ್ ರೇಡಿಯೊದಲ್ಲಿ ನನ್ನ ಹೆಸರು ಬಂದಿದೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹಾನ್ಸ್ ಅಪ್ಪನ ಕೈಗೆ ಪುಟ್ಟ ಪೊಟ್ಟಣವಿಟ್ಟರು. ನಮ್ಮಲ್ಲಿ ಉಡುಗೊರೆ ಬಿಚ್ಚುವುದು ನೆಂಟರು ಹೊರಟ ಮೇಲೆ. ಇಲ್ಲಿ ಕೊಟ್ಟವರ ಕಣ್ಣೆದುರೇ ಹರಿದು ತೆಗೆಯಬೇಕು. ಒಳಗೊಂದು ಪೆನ್ ಡ್ರೈವ್. ಆ ಕಾರ್ಯಕ್ರಮ ಸಿಕ್ಕಿತ್ತು! ಅಪ್ಪನ ಮುಖ ಬಿಳಿಚಿತು. “ಆಮೇಲೆ ಕೇಳೋಣ ಬಿಡು” ಎಂದರು. ಸಂಕೋಚವೆಂದುಕೊಂಡು ನಾನೇ ಹಾಕಿದೆ.

ಎಳೆಯ ಕಂಠ, ಎಷ್ಟು ಇಂಪಾಗಿತ್ತು! ಹಾಡು ಮುಗಿಯಿತು. ಯಾರಿಂದ ಕಲಿತಿರಿ ಎಂದು ನಿರೂಪಕ ಕೇಳಿದ. ಅಪ್ಪ ಇಂಗ್ಲಿಷರಿಗಿಂತ ಹೆಚ್ಚು ನಾಲಿಗೆ ತಿರುಚಿ ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮ ಮನೆಯಲ್ಲೊಬ್ಬಳು ಮುದಿ ಕೆಲಸದವಳಿದ್ದಳು. ಓದು ಬರಹ ಗೊತ್ತಿಲ್ಲದವಳು.” ಇಬ್ಬರೂ ನಕ್ಕರು.

“ತಾಯಿ ಎಂದಿದ್ದೆಯಲ್ಲ?” ಎಂದು ಹಾನ್ಸ್ ನನ್ನನ್ನು ನೇರವಾಗಿಯೇ ಕೇಳಿದರು. ಅಪ್ಪ ಕೇಕಿನ ತಟ್ಟೆ ನೋಡುತ್ತ ಕೂತಿದ್ದರು.

ಎಲ್ಲರೂ ಹೋದ ಮೇಲೆ ಕೇಳಿದೆ.

“ಇಪ್ಪತ್ತೆರಡು ವಯಸ್ಸು ಕಣೇ. ಓದು ಬರ್ದೇ ಇರೋಳು ನಮ್ಮಮ್ಮ ಅಂತ ಅವರ ಮುಂದೆ ಹೇಳಕ್ಕೆ ನಾಚಿಕೆ ಆಯ್ತು.”

“ಅಜ್ಜಿಗೆ ಆಮೇಲಾದ್ರೂ ನಿಜ ಹೇಳ್ಬಹುದಿತ್ತಲ್ಲ ಅಪ್ಪ?”

“ಹೆಸರು ಹೇಳಿದೀನಿ ಅಂತ ಕಾಗದ ಬರೆದುಬಿಟ್ಟಿದ್ದೆ. ಬೀದಿಗೆಲ್ಲ ಹೇಳ್ಕೊಂಡು ಬಂದಿದ್ಲು. ಇದನ್ನ ಯಾರಿಗೂ ಕಳಿಸ್ಬೇಡ, ದಮ್ಮಯ್ಯ.”

ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು. ಅವರು ನೋಡುತ್ತಿದ್ದಂತೆಯೇ ಮೈಸೂರಿನಲ್ಲಿರುವ ಅವರ ಅಕ್ಕನಿಗೆ ಕಳಿಸಿಬಿಟ್ಟೆ.

ಅರ್ಧ ಗಂಟೆಗೆ ಅತ್ತೆಯ ಫೋನು. ಅಳುತ್ತಿದ್ದರು. “ಅಮ್ಮ ಹಾಡಿದ ಹಾಗೇ ಇದೆ ಕಣೇ! ನಂಗೆ ಇಂಗ್ಲಿಷ್ ಬರಲ್ಲ, ಇವನೋ ಓಡೋಡಿ ಮಾತಾಡಿದಾನೆ. ಅಮ್ಮನ ಹೆಸರು ಎಲ್ಲಿ ಬರತ್ತೆ?”

ಸ್ಪೀಕರ್ ಒತ್ತಿ ಅಪ್ಪನ ಬಾಯಿಯ ಮುಂದೆ ಹಿಡಿದೆ. “ನೀವೇ ಹೇಳಿ.”

ಅಪ್ಪ ನನ್ನ ಮುಖ ನೋಡಿದರು. “ಹಾಡು ಮುಗಿದ ಕೂಡಲೇ ಬರತ್ತೆ ಅಕ್ಕ.”

“ಹೌದೇನೋ? ನಾಳೆ ಭಜನೆಗೆ ಬರೋರಿಗೆಲ್ಲ ಅದನ್ನೇ ಕೇಳಿಸ್ತೀನಿ ಹಾಗಾದ್ರೆ.”

ಹಾರ್ಲೆಮಿನವಳಾಗಿದ್ದರೆ ನಾನು ಆಗಲೇ ನಿಜ ಹೇಳಬೇಕಿತ್ತು. ಮೈಸೂರಿನವಳಾಗಿದ್ದರೆ ಅದನ್ನು ಕಳಿಸಲೇಬಾರದಿತ್ತು. ಅತ್ತೆ ಮಾತು ಮುಗಿಸಿ ಇಡುವ ತನಕ ಫೋನನ್ನು ಅಪ್ಪನ ಬಾಯಿಯ ಮುಂದೆಯೇ ಹಿಡಿದುಕೊಂಡು ನಿಂತಿದ್ದೆ.