ಕಾಲು ನೋಡಿ ಕೊಡುವವಳು

ಗುಡಿಯ ಬಾಗಿಲಲ್ಲಿ ಚಪ್ಪಲಿ ಕಾಯುವ ಚಪ್ಪಲಿಯಕ್ಕನಿಗೆ ಮುಖಗಳ ಮೇಲೆ ನಂಬಿಕೆಯಿಲ್ಲ. ಮುಖ ಗಳಿಗೆಗೊಂದು ಬಣ್ಣ ಬದಲಿಸುತ್ತದೆ, ಕಾಲಿಗೆ ಆ ನಾಟಕ ಬರುವುದಿಲ್ಲ ಎಂಬುದು ಅವಳ ಮತ. ಹಾಗಾಗಿ ಚೀಟಿಯಿಲ್ಲ, ನಂಬರಿಲ್ಲ. ಬಿಡುವಾಗ ಪಾದ ನೋಡುತ್ತಾಳೆ, ಬಂದಾಗ ಪಾದ ನೋಡಿ ಎತ್ತಿ ಕೊಡುತ್ತಾಳೆ. ದೇವರ ಪಾದವನ್ನು ಮಾತ್ರ ಇನ್ನೂ ನೋಡಿಲ್ಲ. ಮೊದಲು ಒಳಗೆ ಬಿಡುತ್ತಿರಲಿಲ್ಲ, ಈಗ ಪುರುಸೊತ್ತಿಲ್ಲ.

ಅವಳು ಕೂರುವ ಜಾಗದ ಮೇಲೆ ಗುಡಿಯ ಅಧ್ಯಕ್ಷರ ಭಾಮೈದನ ಕಣ್ಣು ಬಿದ್ದಿತ್ತು. ಹಬ್ಬದ ದಿನ ಬೆಳಿಗ್ಗೆಯೇ ಅಧ್ಯಕ್ಷರು ಗದರಿದ್ದರು: "ಇವತ್ತು ಒಂದೇ ಒಂದು ದೂರು ಬರ್ಲಿ, ನಾಳೆಯಿಂದ ನೀನಿಲ್ಲ."

ಆ ಸಲ ಹಬ್ಬ ನೋಡಲು ಒಬ್ಬ ವಿದೇಶೀಯನೂ ಬಂದಿದ್ದ. ಮೊಣಕಾಲುದ್ದದ ಬೂಟು. ಅದರ ಲಾಡಿ ಬಿಚ್ಚುವಷ್ಟರಲ್ಲಿ ಹಿಂದಿನ ಸಾಲಿನವರು ಜಗಳವಾಡಿ ರಾಜಿಯೂ ಆಗಿದ್ದರು. ಆಸಾಮಿ ಸಾಕ್ಸಿನಲ್ಲೇ ಒಳಗೆ ನಡೆದ. ತೂತಿನಿಂದ ಇಣುಕಿದ ಎಡಗಾಲ ಹೆಬ್ಬೆರಳು ಬಿಟ್ಟರೆ ಅವಳಿಗೇನೂ ಕಾಣಲಿಲ್ಲ.

ಪೂಜೆ ಮುಗಿಯುವ ಹೊತ್ತಿಗೆ ಭಾಮೈದ ಬಂದ. "ಅತಿಥಿಗಳ ಬೂಟು ಕೊಡು. ಕಾರು ಹಿಂದಿನ ಬಾಗಿಲಿಗೆ ಬಂದಿದೆ."

"ಕಾಲೆಲ್ಲಿ?"

"ಕಾಲು ಕಳಚ್ಕೊಂಡು ತರಕ್ಕಾಗುತ್ತೇನೇ?"

"ಹಾಗಿದ್ರೆ ಆಳನ್ನೇ ಕರ್ಕೊಂಡ್ ಬಾ."

ಉರಿದುಕೊಂಡು ಬಂದವರು ಅಧ್ಯಕ್ಷರು. ಹಿಂದೆ ವಿದೇಶೀಯ. ಈಗ ಸಾಕ್ಸಿಲ್ಲ, ಪಾದದ ತುಂಬ ಕುಂಕುಮ, ಅರಿಶಿನ, ಕೆಸರು. ಎಡಗಾಲ ಹೆಬ್ಬೆರಳ ಗುರುತು ಹತ್ತದೆ ಅವಳು ಬೂಟು ಎತ್ತಲಿಲ್ಲ.

"ಇಡೀ ಗುಡಿಗೆ ಹೊರದೇಶದೋರು ಇವರೊಬ್ರೇ. ಇನ್ಯಾರದೇ ಈ ಬೂಟು? ಏಳು ಮೇಲೆ! ಜಾಗ ಬಿಡು!"

ಅವಳು ಎದ್ದಳು. ಸೀರೆ ಕೊಡವಿದಳು. ಬುತ್ತಿಡಬ್ಬಿ ಕಂಕುಳಿಗೆ ಸಿಕ್ಕಿಸಿದಳು. "ಬಿಟ್ಟೆ. ತಗೊಳಪ್ಪಾ ಭಾಮೈದ, ರಾಶಿ ನಿಂದು. ಯಾರದು ಯಾವುದು ಅಂತ ಹಂಚು."

ಭಾಮೈದ ರಾಶಿ ನೋಡಿದ. ಕಪ್ಪು, ಕಂದು, ಕಪ್ಪು, ಮತ್ತೆ ಕಪ್ಪು. ಅಷ್ಟರಲ್ಲಿ ಪೂಜೆ ಮುಗಿಸಿದ ಜನ ಕಟ್ಟೆಯೊಡೆದಂತೆ ಹೊರಬಿತ್ತು.

"ಏನೋ ತಮ್ಮಾ, ಈ ವಯಸ್ಸಲ್ಲಿ ನಂಗೆ ಪೊಲೀಸ್ ಬೂಟು ಕೊಡ್ತೀಯಲ್ಲೋ?" ಎಂದಳೊಬ್ಬ ಮುದುಕಿ.

"ಅಧ್ಯಕ್ಷರೇ, ಚಪ್ಪಲಿ ಸಿಗದಿದ್ರೆ ನಿಮ್ಮ ಭಾಮೈದನ ಹೆಗಲೇರಿ ಮನೆಗೆ ಹೋಗ್ತೀವಿ!" ಎಂದ ಇನ್ನೊಬ್ಬ.

ಕೂತು ಧರಣಿ ಮಾಡುವವರನ್ನು ಲೋಕ ಕಂಡಿದೆ. ಇವಳದು ಎದ್ದು ನಿಂತ ಧರಣಿ. ಘೋಷಣೆ ಕೂಗುವ ಕೆಲಸವನ್ನು ಬರಿಗಾಲಿನ ಜನವೇ ವಹಿಸಿಕೊಂಡಿತು.

ಅಧ್ಯಕ್ಷರ ದನಿ ಇಳಿಯಿತು. "ಕೂತ್ಕೊಳ್ಳಮ್ಮ ತಾಯಿ."

"ನಾಳೆಯಿಂದ?"

"ನಾಳೆನೂ ನೀನೇ."

"ಗಟ್ಟಿಯಾಗಿ ಹೇಳಿ, ಜನಕ್ಕೆ ಕೇಳಿಸ್ಲಿ."

ಗಟ್ಟಿಯಾಗಿ ಹೇಳಿದರು. ಅವಳು ಕೂತಳು.

ಇದೂ ಪೂಜೆಯದೇ ಒಂದು ಅಂಗವೆಂದು ತಿಳಿದಿದ್ದ ವಿದೇಶೀಯ ಎಲ್ಲರಿಗಿಂತ ಮೊದಲು ನೆಲಕ್ಕೆ ಕುಕ್ಕರಿಸಿ ಭಕ್ತಿಯಿಂದ ಎಡಗಾಲು ಚಾಚಿದ. ಅವಳು ಹೆಬ್ಬೆರಳ ಕೆಸರನ್ನು ಸೆರಗಿನಿಂದ ಒರೆಸಿ, ಆ ಕಡೆ ಈ ಕಡೆ ತಿರುವಿ ನೋಡಿ, "ಇದೇ" ಎಂದು ಬೂಟು ಕೊಟ್ಟಳು. ಅವನು ಕಣ್ಮುಚ್ಚಿ ಅವಳಿಗೆ ಕೈಮುಗಿದ. ಅತಿಥಿಯೇ ಕೈಮುಗಿದ ಮೇಲೆ ಅಧ್ಯಕ್ಷರೂ ಮುಗಿಯಬೇಕಾಯಿತು.

"ಆಯ್ತು ಆಯ್ತು, ದಾರಿ ಬಿಡಿ" ಎಂದಳು ಚಪ್ಪಲಿಯಕ್ಕ. "ಮುಂದಿನ ಕಾಲು ಯಾರದು?"