ಭೀಮಸೇನರಾಯರು ಕುದುರೆ ಮಾರಲು ಹೋದದ್ದು

ರೈಲ್ವೆಯಿಂದ ನಿವೃತ್ತರಾದ ಧಾರವಾಡದ ಭೀಮಸೇನರಾಯರು ವಡೋದರದ ಮಂಜಲ್‌ಪುರದಲ್ಲಿ ಮದುವೆ ಮೆರವಣಿಗೆಗೆಂದು ನಾಲ್ಕು ಕುದುರೆ ಸಾಕಿದ್ದಾರೆ. ಮಳೆಗಾಲದಲ್ಲಿ ಮದುವೆಗಳು ನಿಲ್ಲುತ್ತವೆ, ಕುದುರೆಗಳ ಹೊಟ್ಟೆ ನಿಲ್ಲುವುದಿಲ್ಲ. ಮೇವು ಮಾರುವ ನನಗೆ ಅದರಿಂದ ನಷ್ಟವೇನಿಲ್ಲ. ಆದರೂ ಈ ಸಲ ಅವರ ಪಿಂಚಣಿ ಸಾಲದಾದಾಗ, ಮೆರವಣಿಗೆಗೆ ಆಗದ ಮುದಿ ಹೆಣ್ಣುಗುದುರೆ ಚಂಪಾಳನ್ನು ಮಾರಲು ಒಪ್ಪಿಸಿ, ಗಿರಾಕಿಯನ್ನೂ ಕರೆದೊಯ್ದೆ.

ವಯಸ್ಸು ತಿಳಿಯಲು ಅವನು ಚಂಪಾಳ ಬಾಯಿ ಬಿಡಿಸಿ ಹಲ್ಲು ನೋಡಿದ. ಕಚ್ಚುತ್ತಾಳೆ, ಒದೆಯುತ್ತಾಳೆ ಎಂದು ರಾಯರು ಅವನಿಗೆ ಗುಜರಾತಿಯಲ್ಲಿ ವಿವರಿಸಿದರು. ಚಂಪಾ ಅವರ ಭುಜದ ಮೇಲೆ ತಲೆಯಿಟ್ಟು ನಿಂತಿದ್ದಳು. ಗಿರಾಕಿ ಹೊರಟುಹೋದ. ಸರಕಿನ ಹುಳುಕು ಮುಚ್ಚುವವರನ್ನು ದಿನವೂ ನೋಡುತ್ತೇನೆ. ಇಲ್ಲದ್ದನ್ನು ಹುಟ್ಟಿಸಿದವರು ಇವರೊಬ್ಬರೇ.

“ವ್ಯಾಪಾರ ಕೆಡಿಸಿದ್ರಲ್ಲ ರಾಯರೇ,” ಎಂದೆ.

“ಏನ್ ಮಾಡ್ಲಿ ಶೆಟ್ರ, ಅಂವಾ ಆಕಿ ಹಲ್ಲ ನೋಡಿದಾ, ಆಕಿ ಕಣ್ಣು-ಮಾರಿ ನೋಡಲಿಲ್ಲ.”

ಮರುದಿನ ಅವರು ತಮ್ಮ ಸ್ಕೂಟರ್ ಮಾರಿದರು. ಈಗ ಅಂಗಡಿಗೆ ಚಂಪಾಳ ಮೇಲೆಯೇ ಬರುತ್ತಾರೆ. ಪೆಟ್ರೋಲ್ ಎಷ್ಟು ಉಳಿಯಿತೆಂದು ಅವರು ನನಗೆ ವಿವರಿಸುವಷ್ಟರಲ್ಲಿ, ಆಕೆ ನನ್ನ ಕಡಲೆ ಮೂಟೆಗೆ ಬಾಯಿ ಹಾಕಿರುತ್ತಾಳೆ.