ಕಹಳೆ ಟೀಚರ್ ಬರೆದ ಚೀಟಿಗಳು

ಮೈದಾನದ ಈ ತುದಿಯಲ್ಲಿ ನಿಂತು ಅವರು "ಸಾಲು" ಎಂದರೆ ಸಾಕು, ಆ ತುದಿಯ ಮಕ್ಕಳಿರಲಿ, ಗೋಡೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಹುಡುಗಿಯರಿಗೆ ಆಟ ಕಲಿಸುತ್ತಿದ್ದ ಆ ಟೀಚರಿಗೆ ಸೀಟಿಯ ಹಂಗೇ ಇರಲಿಲ್ಲ. ಮಕ್ಕಳು ಬೆನ್ನ ಹಿಂದೆ ಇಟ್ಟ ಹೆಸರು ಕಹಳೆ ಟೀಚರ್. ಅದು ಅವರ ಕಿವಿಗೂ ಬಿದ್ದಿತ್ತು. ಸಿಟ್ಟು ಬಂದವರಂತೆ ಮುಖ ಮಾಡಿದ್ದರೂ ಒಳಗೊಳಗೇ ಹಿಗ್ಗಿದ್ದರು.

ಆ ದನಿಗೆ ಮನೆಯಲ್ಲೂ ಕೆಲಸವಿತ್ತು. ಗಂಡ ಮುದ್ರಣಾಲಯದಲ್ಲಿ ಮಷಿನ್ ನಡೆಸುವವರು. ದಿನವಿಡೀ ಆ ಗಡಗಡ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿತ್ತು. ಆದರೆ ಎಲ್ಲಿ "ಹೂಂ" ಅನ್ನಬೇಕು, ಎಲ್ಲಿ ತಲೆ ಆಡಿಸಬೇಕು, ಎಲ್ಲಿ ನಗಬೇಕು ಎಂಬುದು ಅವರಿಗೆ ಎಷ್ಟು ಚೆನ್ನಾಗಿ ರೂಢಿಯಾಗಿತ್ತೆಂದರೆ, ಕಿವಿ ಎಷ್ಟು ಮಂದ ಎಂಬುದು ಹೆಂಡತಿಗೂ ಸರಿಯಾಗಿ ತಿಳಿದಿರಲಿಲ್ಲ.

ಈ ವರ್ಷ ಶಾಲೆ ಶುರುವಾದ ಎರಡನೇ ವಾರದಲ್ಲೇ ಟೀಚರ ಗಂಟಲು ಕೈಕೊಟ್ಟಿತು. ದನಿಯ ತಂತುವಿನ ಮೇಲೆ ಸಣ್ಣದೊಂದು ಗಂಟು. ಅದನ್ನು ತೆಗೆದ ಡಾಕ್ಟರಮ್ಮ ಒಂದು ಕಾಲಕ್ಕೆ ಇದೇ ಮೈದಾನದಲ್ಲಿ ಬೈಸಿಕೊಂಡು ಓಡಿದವಳು.

"ಟೀಚರ್, ಮೂರು ವಾರ ಬಾಯಿ ಮುಚ್ಕೊಂಡಿರಬೇಕು. ಆಮೇಲೂ ಈ ವರ್ಷವೆಲ್ಲ ಕೂಗೋ ಹಾಗಿಲ್ಲ," ಎಂದಳು. "ಈ ಮಾತನ್ನ ನಿಮಗೆ ಹೇಳೋ ದಿನ ಬರುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ," ಎಂದು ಸೇರಿಸಿದಳು.

ಬೇರೆ ಊರಿನಲ್ಲಿ ಕೆಲಸದಲ್ಲಿದ್ದ ಮಗಳು, ಹೇಳಬೇಕಾದ್ದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡಿ ಅಪ್ಪನಿಗೆ ತೋರಿಸು ಎಂದು ಸಲಹೆ ಕೊಟ್ಟಳು. ಟೀಚರ್ ಒಂದು ದಿನ ಪ್ರಯತ್ನಪಟ್ಟರು. "ಹಾಲು ತನ್ನಿ" ಎಂದು ಒತ್ತಿದರೆ ಫೋನು ತಾನೇ ತಿದ್ದಿ "ಹಾಳು ತನ್ನಿ" ಎಂದಿತು. ಗಂಡ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಪರದೆ ಕಪ್ಪಾಗಿರುತ್ತಿತ್ತು.

ಮರುದಿನ ಸಂಜೆ ಅವರು ಮುದ್ರಣಾಲಯದಿಂದ ಒಂದು ಚೀಲ ಹೊತ್ತು ತಂದರು. ಪುಸ್ತಕಗಳ ಅಂಚು ಕತ್ತರಿಸುವಾಗ ಉಳಿಯುವ ಕಾಗದವನ್ನೆಲ್ಲ ಅಂಗೈ ಅಗಲಕ್ಕೆ ಸಮ ಮಾಡಿ, ಮೇಲಂಚಿಗೆ ಅಂಟು ಬಳಿದು, ಚೀಟಿಗಳ ಹನ್ನೆರಡು ಕಟ್ಟು ಮಾಡಿದ್ದರು. ಒಂದು ದಪ್ಪ, ಒಂದು ತೆಳು, ಒಂದು ತಿಳಿ ಹಳದಿ. ಪ್ರತಿ ಕಟ್ಟಿಗೂ ದಾರದಲ್ಲಿ ಮೋಟು ಪೆನ್ಸಿಲ್ ನೇತುಹಾಕಿದ್ದರು. ಟೀಚರ್ ಒಂದನ್ನು ಮೂಗಿನ ಹತ್ತಿರ ಹಿಡಿದರು. ಇಷ್ಟು ವರ್ಷ ಗಂಡನ ಅಂಗಿಯಲ್ಲಿದ್ದ ವಾಸನೆಯೇ.

ಪೆನ್ಸಿಲ್ ಕೈಗೆ ಸಿಕ್ಕಿದ್ದೇ ತಡ, ಅವರ ಬಾಯಿ ಕಾಗದಕ್ಕೆ ಇಳಿಯಿತು. ಮೆಲ್ಲಗೆ ಹೇಳುವುದು ಸಣ್ಣ ಅಕ್ಷರ. ಜೋರಾಗಿ ಹೇಳುವುದು ಇಡೀ ಚೀಟಿಗೆ ಒಂದೇ ಪದ. ಗಂಡ ಪ್ರತಿ ಚೀಟಿಯನ್ನೂ ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಆಮೇಲೆ ಓದುವರು. ಕಸುಬಿನ ಅಭ್ಯಾಸ ಅದು. ಓದಿದ ಮೇಲೆ ಉತ್ತರ ಕೊಡುವರು, ನಿಜವಾದ ಉತ್ತರ. ಕಿಟಕಿಯ ಚಿಲಕ ಸಡಿಲವಾಗಿದೆಯೆಂದು ಬರೆದರೆ, "ಮೊದಲೇ ಹೇಳಬಾರದಿತ್ತಾ?" ಎಂದು ಅಚ್ಚರಿಪಟ್ಟು ಅರ್ಧ ಗಂಟೆಯಲ್ಲಿ ಬಿಗಿ ಮಾಡಿದರು. ಟೀಚರ್ ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದರು.

ಅವರಿಗೆ ಆಗ ಅನುಮಾನ ಹುಟ್ಟಿತು. ಚಿಲಕದ ಮಾತೇ ತಲುಪಿಲ್ಲವೆಂದರೆ ಇನ್ನು ಎಷ್ಟು ಮಾತು ತಲುಪಿಲ್ಲ? ನಾಲ್ಕನೇ ದಿನ ಅವರು ಒಂದು ಹಳದಿ ಚೀಟಿಯಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ ಬರೆದರು. "ಹದಿನೇಳು ವರ್ಷದ ಹಿಂದೆ ನಮ್ಮ ಹುಡುಗಿಯರು ಮೊದಲ ಸಲ ವಾಲಿಬಾಲ್ ಫೈನಲಿಗೆ ಬಂದಾಗ, ನೋಡೋಕೆ ಬನ್ನಿ ಅಂತ ಮುದ್ರಣಾಲಯಕ್ಕೇ ಬಂದು ಕರೆದೆ. ಹೂಂ ಅಂದಿರಿ. ಬರಲಿಲ್ಲ. ಯಾಕೆ?"

ಗಂಡ ಆ ಚೀಟಿಯನ್ನು ಉಜ್ಜಿ ನೋಡದೆಯೇ ಓದಿದರು. ಅವರ ಬಾಯಿಗೇನೂ ಬೀಗ ಬಿದ್ದಿರಲಿಲ್ಲ. ಆದರೂ ಪೆನ್ಸಿಲ್ ತೆಗೆದುಕೊಂಡು ಬರೆದರು. "ಮಷಿನ್ ಓಡ್ತಿತ್ತು. ನೀನು ಏನು ಹೇಳಿದೆ ಅಂತ ಕೇಳಿಸಲಿಲ್ಲ. ಹೂಂ ಅಂದ್ಬಿಟ್ಟೆ. ಕೇಳಿಸಿದ್ದರೆ ಮಷಿನ್ ನಿಲ್ಲಿಸಿ ಬರ್ತಿದ್ದೆ."

ಟೀಚರ್ ಎರಡು ಸಲ ಓದಿ, ಅದರ ಕೆಳಗೇ ಬರೆದರು. "ಅವತ್ತಿನಿಂದ ಆ ವಿಷಯಕ್ಕೆ ನಿಮ್ಮ ಮೇಲೆ ಸಿಟ್ಟಲ್ಲಿದ್ದೆ. ನಿಮಗೆ ಗೊತ್ತಿತ್ತಾ?"

"ಇಲ್ಲ. ಅದೂ ಕೇಳಿಸಿರಲಿಲ್ಲ."

ಟೀಚರಿಗೆ ನಗು ಉಕ್ಕಿ ಬಂತು. ಸದ್ದು ಮಾಡುವ ಹಾಗಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಭುಜ ಕುಲುಕಿಸಿದರು. ಗಂಡ ಗಾಬರಿಯಾಗಿ ನೀರು ತಂದವರು, ನಗುವೆಂದು ತಿಳಿದು ತಾವೂ ಅಲ್ಲೇ ಕೂತು ನಕ್ಕರು.

ಆಮೇಲೆ ಆ ಮನೆಯಲ್ಲಿ ಕಾಗದಕ್ಕೆ ಬಿಡುವೇ ಸಿಗಲಿಲ್ಲ. ಗಂಡನೂ ಬರೆಯತೊಡಗಿದರು. ಮಷಿನ್ ಸರಿ ಓಡುತ್ತಿದೆಯೋ ಇಲ್ಲವೋ ಎಂಬುದು ತಮಗೆ ಪಾದದಡಿಯ ನೆಲದಿಂದಲೇ ಗೊತ್ತಾಗುತ್ತದೆ ಎಂದು ಅವರು ಬರೆದಾಗ, ಇಷ್ಟು ಕಾಲ ಜೊತೆಗಿದ್ದೂ ಇದು ಗೊತ್ತಿರಲಿಲ್ಲವಲ್ಲ ಎಂದು ಟೀಚರ್ ಬೆರಗಾದರು.

ಮೂರು ವಾರ ಮುಗಿದು ಮೆಲ್ಲಗೆ ಮಾತಾಡಲು ಅಪ್ಪಣೆ ಸಿಕ್ಕ ಹೊತ್ತಿಗೆ ಈ ವರ್ಷದ ತಂಡ ಫೈನಲಿಗೆ ಬಂದಿತ್ತು. ಗಂಡ ರಜೆ ಹಾಕಿದರು. ಕೂಗುವಂತಿಲ್ಲದ ಟೀಚರಿಗಾಗಿ ದೊಡ್ಡ ಹಾಳೆಗಳನ್ನು ತಂದು, ಮುದ್ರಣದ ಕಪ್ಪು ಮಸಿಯಲ್ಲಿ "ಮುಂದೆ", "ಹಿಂದೆ", "ಭಲೇ" ಎಂದು ಮೊಳದುದ್ದ ಬರೆದುಕೊಂಡು ಗೆರೆಯ ಪಕ್ಕ ನಿಂತರು. ಮೂರನೇ ಸೆಟ್ಟಿನ ಕೊನೆಯಲ್ಲಿ ಟೀಚರ್ ಗಂಡನ ಕಿವಿಯ ಬಳಿ "ಮುಂದೆ" ಎಂದು ಪಿಸುಗುಟ್ಟಿದರು. ಗಂಡ "ಹಿಂದೆ" ಎತ್ತಿ ಹಿಡಿದರು. ಹುಡುಗಿಯರು ಒಟ್ಟಾಗಿ ಹಿಂದೆ ಓಡಿದರು. ಎದುರಾಳಿಯ ಚೆಂಡು ಸರಿಯಾಗಿ ಅಲ್ಲಿಗೇ ಬಂದು ಬಿತ್ತು. ಒಬ್ಬಳು ಬಿದ್ದು ಎತ್ತಿಕೊಟ್ಟಳು, ಇನ್ನೊಬ್ಬಳು ಬಡಿದಳು, ಪಂದ್ಯ ಇವರದಾಯಿತು. ಟೀಚರ್ ಗಂಡನನ್ನು ನೋಡಿದರು. ಅವರು ಏನೂ ಅರಿಯದವರಂತೆ "ಭಲೇ" ಹಾಳೆಯನ್ನು ತಲೆಯ ಮೇಲೆ ಎತ್ತಿ ಕುಣಿಯುತ್ತಿದ್ದರು.

ರಜೆಗೆ ಮಗಳು ಬಂದಾಗ ಅಪ್ಪ ಅಮ್ಮ ಮೇಜಿನ ಎರಡು ಕಡೆ ತುಟಿ ಬಿಚ್ಚದೆ ಕೂತಿದ್ದರು. "ಇಬ್ಬರೂ ಮಾತು ಬಿಟ್ಟಿದ್ದೀರಾ?" ಎಂದು ಚೀಲ ಕೆಳಗಿಡದೆಯೇ ಕೇಳಿದಳು. ಅಮ್ಮ ಒಂದು ಕುರ್ಚಿ ಎಳೆದರು. ಅಪ್ಪ ಹೊಸ ಕಟ್ಟೊಂದನ್ನು ಅವಳ ಮುಂದೆ ಸರಿಸಿದರು. ಕೂತು ಮೇಜಿನ ಮೇಲಿನ ಚೀಟಿಗಳನ್ನು ಓದುತ್ತಾ ಹೋದ ಮಗಳು, ತನ್ನ ಅಡುಗೆಯ ಬಗ್ಗೆ ಅಪ್ಪ ಬರೆದದ್ದು ಸಿಕ್ಕ ಕೂಡಲೇ ಪೆನ್ಸಿಲ್ ಕೈಗೆತ್ತಿಕೊಂಡಳು.